ಒಂದು ಡಿಗ್ರಿ ಮಲೆನಾಡು

5 ಮಾರ್ಚ್ 2019, ಮಂಗಳವಾರ

ಶಿವರಾತ್ರಿ ಜಾಗರಣೆಯ ಮಾರನೆಯ ದಿನ. ಆರನೇ ಸೆಮಿಸ್ಟರಿನ ಅರ್ಧ ಬ್ಯಾಚು ಗ್ರಾಫಿಕ್ಸ್ ಲ್ಯಾಬಿನಲ್ಲಿ ತೂಕಡಿಸುತ್ತಿತ್ತು. ಮಿನಿ ಪ್ರಾಜೆಕ್ಟಿಗೆ ವಿಷಯ ಕೊಡಲು ಇವತ್ತೇ ಕಡೆ. ಬಂದದ್ದು ಪ್ರತಿ ವರ್ಷದ ಪಟ್ಟಿಯೇ: ಟ್ರಾಫಿಕ್ ಸಿಗ್ನಲ್ಲು, ಸೌರಮಂಡಲ, ಹಡಗು, ಗಾಳಿಯಂತ್ರ. ಸೀನಿಯರುಗಳ ಪೆನ್‌ಡ್ರೈವಿನಲ್ಲಿ ಇವೆಲ್ಲ ತಲೆಮಾರುಗಳಿಂದ ಇವೆ. ಹೆಸರು ಮತ್ತು ಯುಎಸ್‌ಎನ್ ಬದಲಾದರೆ ಸಾಕು.

ಕೊಪ್ಪದ ಕಡೆಯ ಹುಡುಗಿಯೊಬ್ಬಳು ಮಾತ್ರ ತನ್ನ ಊರಿನ ಗುಡ್ಡಗಳನ್ನು ತೋರಿಸುತ್ತೇನೆ ಅಂದಳು. ಯಾವ ಗುಡ್ಡ, ಕೈಯಲ್ಲಿ ಬರೆದ ಗುಡ್ಡವೇ ಎಂದು ಕೇಳಿದೆ. ಅಲ್ಲ ಸರ್, ನಿಜವಾದ ಎತ್ತರ ಇದೆ ಎಂದು ಒಂದು ಫೈಲು ತೋರಿಸಿದಳು. 2000ನೇ ಇಸವಿಯ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ಭೂಮಿ ಸುತ್ತುತ್ತ, ಅರವತ್ತು ಮೀಟರಿನ ಕೋಲೊಂದನ್ನು ಹೊರಚಾಚಿ ರೇಡಾರಿನಿಂದ ನೆಲ ಅಳೆದಿತ್ತಲ್ಲ, ಆ ಎಸ್‌ಆರ್‌ಟಿಎಂ ದತ್ತಾಂಶ. ಒಂದು ಡಿಗ್ರಿ ಅಕ್ಷಾಂಶ, ಒಂದು ಡಿಗ್ರಿ ರೇಖಾಂಶಕ್ಕೆ ಒಂದೊಂದು ಫೈಲು. ಇವಳದು ಎನ್13ಇ075. ಅಂದರೆ ನೈಋತ್ಯ ಮೂಲೆ 13 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವ. ಕುದುರೆಮುಖ, ಶೃಂಗೇರಿ, ಆಗುಂಬೆ, ಬಾಬಾಬುಡನ್‌ಗಿರಿ, ಶಿವಮೊಗ್ಗ, ಬೇಲೂರು ಎಲ್ಲ ಅದರೊಳಗೇ. ತುಂಗೆ, ಭದ್ರೆ ಎರಡೂ ಇದೇ ಚೌಕದಲ್ಲಿ ಹುಟ್ಟುತ್ತವೆ.

ಹಳೆಯ ಸಿಲಬಸ್ಸಿನಲ್ಲಿದ್ದ ಆಯತ ಜಾಲರಿಯ ಪ್ರೋಗ್ರಾಮಿನ ಮೇಲೆ ಇದನ್ನು ಹೊದಿಸುವುದು ಅವಳ ಯೋಚನೆ. ಜಾಲರಿ ಆಮೇಲೆ, ಮೊದಲು ಚಪ್ಪಟೆ ಚಿತ್ರವಾಗಿ ಪರದೆಗೆ ತಾ, ಓಪನ್‌ಜಿಎಲ್‌ನ ಜಿಎಲ್‌ಡ್ರಾಪಿಕ್ಸೆಲ್ಸ್ ಸಾಕು ಎಂದೆ. ಪಕ್ಕದಲ್ಲಿದ್ದ ಸಹೋದ್ಯೋಗಿ ನಕ್ಕರು. ಆ ಫಂಕ್ಷನ್ನನ್ನು ಇನ್ನೂ ಯಾರಾದರೂ ಕರೆಯುತ್ತಾರೆಯೇ ಎಂಬ ನಗು.

8 ಮಾರ್ಚ್, ಶುಕ್ರವಾರ

ಫೈಲಿಗೆ ತಲೆಬರಹವೇ ಇಲ್ಲ. ಜೇಪೆಗ್‌ಗೆ, ಬಿಎಂಪಿಗೆ ಆರಂಭದಲ್ಲಿ ತಮ್ಮ ಪರಿಚಯ ಹೇಳಿಕೊಳ್ಳುವ ಒಂದಷ್ಟು ಬೈಟುಗಳಿರುತ್ತವೆ. ಇದರಲ್ಲಿ ಮೊದಲ ಬೈಟಿನಿಂದಲೇ ಎತ್ತರ ಶುರು. ಅಗಲ ಎಷ್ಟು ಎಂದು ಹೇಗೆ ತಿಳಿದೆ ಅಂದದ್ದಕ್ಕೆ ಹುಡುಗಿ ಕೊಟ್ಟ ಉತ್ತರ ಚೆನ್ನಾಗಿತ್ತು. ಗಾತ್ರ 28,84,802 ಬೈಟು. ಒಂದು ಎತ್ತರಕ್ಕೆ ಎರಡು ಬೈಟು ಎಂದು ಭಾಗಿಸಿದರೆ 14,42,401. ವರ್ಗಮೂಲ ತೆಗೆದರೆ 1201. ಚೌಕ ಎಂದು ಗೊತ್ತಿತ್ತು ಸರ್, ಅಂದಳು. ಗೊತ್ತಿಲ್ಲದಿದ್ದರೆ? ಅಗಲ 1201 ಎಂದು ಫೈಲಿನ ಒಳಗೆ ಎಲ್ಲೂ ಬರೆದಿಲ್ಲ. ಅವಳು ಹೇಳಿದ್ದರಿಂದ ಅದು 1201.

ಓಪನ್‌ಜಿಎಲ್ ಲೈಬ್ರರಿಗೂ ಇಷ್ಟನ್ನೇ ಹೇಳಬೇಕು: ಅಗಲ, ಎತ್ತರ, ಬಣ್ಣದ ಮಾದರಿ, ಅಂಕಿಯ ಜಾತಿ, ಬೈಟುಗಳು ಎಲ್ಲಿವೆ. ಐದು ಮಾತು. ಮಾದರಿ ಲೂಮಿನನ್ಸ್, ಅಂದರೆ ಬರೀ ಕಪ್ಪು ಬಿಳುಪು; ಜಾತಿ ಶಾರ್ಟ್, ಅಂದರೆ ಎರಡು ಬೈಟಿನ ಅಂಕಿ ಎಂದು ಹಾಕಿ ಓಡಿಸಿದಳು. ಪರದೆಯ ತುಂಬ ಕಪ್ಪು ಬಿಳುಪಿನ ಮರಳು. ಹಳೆಯ ಟೀವಿಯಲ್ಲಿ ಸ್ಟೇಷನ್ ಸಿಗದಾಗ ಬರುತ್ತಿತ್ತಲ್ಲ ಅದೇ.

ಕಾರಣ ಅವಳಿಂದಲೇ ಹೊರಡಿಸಿದೆ. ಈ ಫೈಲಿನಲ್ಲಿ ದೊಡ್ಡ ಬೈಟು ಮೊದಲು, ಚಿಕ್ಕದು ಆಮೇಲೆ. ನಮ್ಮ ಲ್ಯಾಬಿನ ಇಂಟೆಲ್ ಯಂತ್ರಗಳು ಓದುವುದು ತಿರುಗಾಮುರುಗಾ. 1000 ಮೀಟರ್ ಎಂಬುದು ಹದಿನಾರರ ಲೆಕ್ಕದಲ್ಲಿ 03 ಮತ್ತು ಇ8. ಅದಲು ಬದಲಾಗಿ ಓದಿದರೆ ಮೈನಸ್ 6141. ಒಂದೇ ಮೀಟರ್ ಮೇಲಕ್ಕೆ ಹತ್ತಿ 1001 ಆದರೆ ಮೈನಸ್ 5885. ಗುಡ್ಡದಲ್ಲಿ ಒಂದು ಹೆಜ್ಜೆ, ಪರದೆಯಲ್ಲಿ 256ರ ನೆಗೆತ. ಮರಳು ಬಾರದೆ ಇನ್ನೇನು ಬಂದೀತು? ಲೂಪು ಬರೆದು ಬೈಟು ಬದಲಿಸಲು ಹೊರಟವಳನ್ನು ತಡೆದೆ. ಜಿಎಲ್‌ಪಿಕ್ಸೆಲ್‌ಸ್ಟೋರ್‌ಗೆ ಸ್ವಾಪ್ ಬೈಟ್ಸ್ ಎಂಬ ಸ್ವಿಚ್ಚಿದೆ. 1992ರಲ್ಲಿ ಸಿಲಿಕಾನ್ ಗ್ರಾಫಿಕ್ಸ್‌ನವರು ಓಪನ್‌ಜಿಎಲ್ ಹೊರತಂದಾಗ ಅವರ ಯಂತ್ರಗಳೇ ಒಂದು ಕ್ರಮ, ಊರ ಪಿಸಿಗಳು ಇನ್ನೊಂದು. ಆ ತಂಟೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಸ್ವಿಚ್ಚು ಹಾಕಿದ ಮೇಲೆ ಮರಳು ಹೋಯಿತು, ಚಿತ್ರವೂ ಹೋಯಿತು. ಪೂರ್ತಿ ಕಪ್ಪು. ಲ್ಯಾಬ್ ಮುಗಿಯುವ ಗಂಟೆ ಹೊಡೆದದ್ದರಿಂದ ಅಲ್ಲಿಗೇ ಬಿಟ್ಟೆವು.

12 ಮಾರ್ಚ್, ಮಂಗಳವಾರ

ಕಪ್ಪಿನ ಒಗಟನ್ನು ಅವಳು ಹಾಸ್ಟೆಲಿನಲ್ಲೇ ಬಿಡಿಸಿಕೊಂಡು ಬಂದಿದ್ದಳು. ಶಾರ್ಟ್ ಎಂಬ ಜಾತಿಯ ಗರಿಷ್ಠ ಬೆಲೆ 32767; ಅದನ್ನು ಲೈಬ್ರರಿ ಪೂರ್ಣ ಬಿಳಿ ಎಂದು ಎಣಿಸುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1930 ಮೀಟರ್. ಶೇಕಡಾ ಆರೂ ಆಗುವುದಿಲ್ಲ. ಪರದೆಯ 255 ಮೆಟ್ಟಿಲಿನಲ್ಲಿ ಹದಿನೈದನೆಯದರ ಹತ್ತಿರ ನಮ್ಮ ಇಡೀ ಪಶ್ಚಿಮಘಟ್ಟ ಮುಗಿದುಹೋಗುತ್ತದೆ. ಚಿತ್ರ ಅಲ್ಲೇ ಇತ್ತು, ಕಣ್ಣಿಗೆ ಕಾಣುವಷ್ಟು ಬೆಳಕಿರಲಿಲ್ಲ. ಪಿಕ್ಸೆಲ್ ಟ್ರಾನ್ಸ್‌ಫರ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ ಹದಿನಾರರ ಗುಣಕ ಕೊಟ್ಟಳು. 1930ರ ಹದಿನಾರರಷ್ಟು 30,880; ಮಿತಿಯೊಳಗೇ ಇದೆ.

ಆಗ ಬಂತು ಮಲೆನಾಡು. ಆದರೆ ವಾಲಿಕೊಂಡು ಬಂತು. ಉತ್ತರ ದಕ್ಷಿಣವಾಗಿ ನಿಲ್ಲಬೇಕಾದ ಘಟ್ಟದ ಅಂಚು ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿತ್ತು. ಒಂದು ಬದಿಯಲ್ಲಿ ಕತ್ತರಿಸಿದ್ದು ಇನ್ನೊಂದು ಬದಿಯಲ್ಲಿ ಅಂಟಿಕೊಂಡಿತ್ತು. ಹುಡುಗರೆಲ್ಲ ಬಂದು ಸುತ್ತ ನಿಂತರು. ಯಾರೋ ಭೂಕಂಪ ಅಂದರು.

ಈ ಓರೆ ಬರುತ್ತದೆ ಎಂದು ನನಗೆ ಗೊತ್ತಿತ್ತು, ಬೇಕೆಂದೇ ಹೇಳಿರಲಿಲ್ಲ. ಅದನ್ನು ಕಣ್ಣಾರೆ ನೋಡದವರಿಗೆ ಅಲೈನ್‌ಮೆಂಟ್ ಎಂಬ ಶಬ್ದ ವೈವಾದಲ್ಲಿ ಒಪ್ಪಿಸುವ ಶಬ್ದವಾಗಿಯೇ ಉಳಿಯುತ್ತದೆ. ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ಒಂದು ಸಾಲಿಗೆ 1201 ಎತ್ತರ, 2402 ಬೈಟು. ಲೈಬ್ರರಿಯ ಹುಟ್ಟುಗುಣ, ಪ್ರತಿ ಸಾಲೂ ನಾಲ್ಕರ ಗುಣಕದ ಬೈಟಿನಲ್ಲೇ ಶುರುವಾಗುತ್ತದೆ ಎಂದು ನಂಬುವುದು. 2402 ನಾಲ್ಕರಿಂದ ಭಾಗವಾಗದು, ಮುಂದಿನದು 2404. ಸಾಲು ಮುಗಿದ ಮೇಲೆ ಎರಡು ಬೈಟು, ಅಂದರೆ ಸರಿಯಾಗಿ ಒಂದು ಎತ್ತರವನ್ನು ಅದು ಖಾಲಿ ಜಾಗವೆಂದುಕೊಂಡು ಹಾರಿಬಿಡುತ್ತದೆ. ಎರಡನೇ ಸಾಲು ಒಂದು ಚುಕ್ಕೆ ಸರಿದು, ಮೂರನೆಯದು ಎರಡು ಚುಕ್ಕೆ ಸರಿದು, ಹೀಗೆ 1200 ಸಾಲು ಕೆಳಗೆ ಹೋಗುವಷ್ಟರಲ್ಲಿ ಚಿತ್ರ ಹೆಚ್ಚುಕಡಿಮೆ ಒಂದು ಸುತ್ತು ಬಂದಿರುತ್ತದೆ. ಅದಕ್ಕೇ ಓರೆ ಅಷ್ಟು ಕರಾರುವಾಕ್ಕಾಗಿ 45 ಡಿಗ್ರಿ. ಕೊನೆಯ ಸಾಲು ನಮ್ಮ ಅರೇ ದಾಟಿ 2400 ಬೈಟು ಆಚೆಯವರೆಗೆ ಓದಿದೆ. ಪ್ರೋಗ್ರಾಮು ಮುಗ್ಗರಿಸದೆ ಓಡಿದ್ದು ಅದೃಷ್ಟ.

ಅನ್‌ಪ್ಯಾಕ್ ಅಲೈನ್‌ಮೆಂಟ್ 1 ಎಂದು ಒಂದು ಸಾಲು ಸೇರಿಸಿದಳು. ಘಟ್ಟ ಎದ್ದು ನಿಂತಿತು.

ರಾತ್ರಿ ಬರೆಯುವಾಗ ಅನ್ನಿಸುತ್ತಿದೆ: ಈ ಎರಡು ಲ್ಯಾಬುಗಳಲ್ಲಿ ಬೈಟುಗಳಲ್ಲಿ ಒಂದೂ ಬದಲಾಗಲಿಲ್ಲ. ಮರಳು, ಕತ್ತಲೆ, ಓರೆ, ಕೊನೆಗೆ ಮಲೆನಾಡು, ನಾಲ್ಕೂ ಅದೇ 28 ಲಕ್ಷ ಚಿಲ್ಲರೆ ಬೈಟು. ನಾವು ಹೇಳಿದ ಮಾತುಗಳು ಬದಲಾದವು ಅಷ್ಟೆ. ಚಿತ್ರ ಫೈಲಿನಲ್ಲಿದೆ ಎಂದು ಯಾರಾದರೂ ಹೇಳಿದರೆ ಇನ್ನು ಮೇಲೆ ಪೂರ್ತಿ ಒಪ್ಪಲಾರೆ.

19 ಮಾರ್ಚ್, ಮಂಗಳವಾರ

ಇವತ್ತಿನ ಒಗಟು, ಚಿತ್ರ ತಲೆಕೆಳಗು: ಶಿವಮೊಗ್ಗ ಕೆಳಗೆ, ಕುದುರೆಮುಖ ಮೇಲೆ. ಎಸ್‌ಆರ್‌ಟಿಎಂ ನಕ್ಷೆ ಓದುವವರ ಪದ್ಧತಿಯಂತೆ ಉತ್ತರದ ಸಾಲಿನಿಂದ ಶುರುಮಾಡುತ್ತದೆ. ಓಪನ್‌ಜಿಎಲ್ ಗಣಿತದ ಗ್ರಾಫಿನಂತೆ ಎಡಗಡೆ ಕೆಳಮೂಲೆಯನ್ನು ಸೊನ್ನೆ ಎಂದುಕೊಂಡು ಮೊದಲ ಸಾಲನ್ನು ತಳದಲ್ಲಿ ಹಾಸುತ್ತದೆ. ಪಿಕ್ಸೆಲ್‌ಜೂಮ್‌ನ ಎರಡನೇ ಅಂಕಿಯನ್ನು ಋಣವಾಗಿಸಿ, ಶುರುವಿನ ಜಾಗವನ್ನು ಕಿಟಕಿಯ ಮೇಲಂಚಿಗೆ ಒಯ್ದರೆ ಮುಗಿಯಿತು.

ಹೆಚ್ಚು ಹೊತ್ತು ತಿಂದದ್ದು ಶುರುವಿನ ಜಾಗ, ರಾಸ್ಟರ್ ಪೊಸಿಷನ್. ಬಾಣದ ಕೀಲಿ ಒತ್ತಿದರೆ ಚಿತ್ರ ಸರಿಯಬೇಕೆಂದು ಬರೆದಿದ್ದಳು. ಬಲಕ್ಕೆ ಸಲೀಸಾಗಿ ಸರಿಯುತ್ತದೆ. ಎಡಕ್ಕೆ ಒಂದೇ ಒಂದು ಚುಕ್ಕೆ ಸರಿಸಿದರೆ ಇಡೀ ಚಿತ್ರ ಮಾಯ. ಎರರ್ ಕೇಳಿದರೆ ಏನೂ ಇಲ್ಲ ಎಂಬ ಉತ್ತರ. ವಿಷಯ ಇಷ್ಟು: ರಾಸ್ಟರ್ ಪೊಸಿಷನ್ನನ್ನು ಲೈಬ್ರರಿ ಯಾವುದೇ ಶೃಂಗಬಿಂದುವಿನಂತೆ ಮ್ಯಾಟ್ರಿಕ್ಸುಗಳ ಮೂಲಕ ಹಾಯಿಸಿ ಕ್ಲಿಪ್ ಮಾಡುತ್ತದೆ. ಬಿಂದು ನೋಟದ ಹೊರಗೆ ಬಿತ್ತೋ, ಅದು ಅಸಿಂಧು. ಅಸಿಂಧು ಬಿಂದುವಿನಿಂದ ಶುರುವಾಗುವ ಹದಿನಾಲ್ಕು ಲಕ್ಷ ಚುಕ್ಕೆಗಳೂ ಅದರ ಜೊತೆ ಅಸಿಂಧು, ಅವುಗಳಲ್ಲಿ ಹೆಚ್ಚಿನವು ಪರದೆಯ ಒಳಗೇ ಬೀಳುವಂತಿದ್ದರೂ. ಮೂಲೆ ಹೊರಗಿದ್ದರೆ ಮನೆಯೇ ಇಲ್ಲ ಅನ್ನುವ ನ್ಯಾಯ ಇದು. ವಿನ್ಯಾಸಕಾರರ ತರ್ಕ ಅರ್ಥವಾಗುತ್ತದೆ, ಮೆಚ್ಚುಗೆಯಾಗುವುದಿಲ್ಲ.

1.4ನೇ ಆವೃತ್ತಿಯಲ್ಲಿ ಬಂದ ಜಿಎಲ್‌ವಿಂಡೋಪಾಸ್ ಈ ಕ್ಲಿಪ್ಪಿನ ಗೊಡವೆಗೆ ಹೋಗುವುದಿಲ್ಲ. ಆದರೆ ವಿಂಡೋಸಿನ ಜೊತೆ ಬರುವ ಹೆಡರು 1.1ಕ್ಕೇ ನಿಂತಿದೆ. ಹಾಗಾಗಿ ಹಳಬರ ಉಪಾಯ ಹೇಳಿಕೊಟ್ಟೆ: ಮೊದಲು ಒಳಗಿನ ಒಂದು ಸಿಂಧು ಬಿಂದುವಿನಲ್ಲಿ ನಿಲ್ಲಿಸು, ಆಮೇಲೆ ಸೊನ್ನೆ ಅಗಲ, ಸೊನ್ನೆ ಎತ್ತರದ ಜಿಎಲ್‌ಬಿಟ್‌ಮ್ಯಾಪ್ ಕರೆದು ಎಷ್ಟು ಬೇಕೋ ಅಷ್ಟು ತಳ್ಳು. ಅದು ಏನನ್ನೂ ಬರೆಯುವುದಿಲ್ಲ, ಜಾಗ ಮಾತ್ರ ಸರಿಸುತ್ತದೆ. ಸರಿದ ಮೇಲೆ ಯಾರೂ ತಪಾಸಣೆ ಮಾಡುವುದಿಲ್ಲ. ಹುಡುಗಿ ಖುಷಿಯಿಂದ ಬರೆದುಕೊಂಡಳು. ಇಂಥ ಕಳ್ಳದಾರಿಗಳನ್ನು ಕಲಿಸುವಾಗ ನನಗೂ ಸ್ವಲ್ಪ ಖುಷಿಯೇ.

22 ಮಾರ್ಚ್, ಶುಕ್ರವಾರ

ಹಿಂದಿನ ಬೆಂಚಿನ ಇಬ್ಬರು ಮೊಬೈಲಿನಲ್ಲಿ ತೆಗೆದ ತಮ್ಮದೇ ಫೋಟೋವನ್ನು ಬಿಎಂಪಿ ಮಾಡಿ, 54 ಬೈಟಿನ ತಲೆಬರಹ ಹಾರಿಸಿ ನೇರ ಡ್ರಾಪಿಕ್ಸೆಲ್ಸ್‌ಗೆ ಕೊಟ್ಟರು. ಮೊದಲ ಸಲಕ್ಕೇ ನೆಟ್ಟಗೆ, ಓರೆಯಿಲ್ಲದೆ ಬಂತು. ಮುಖ ಮಾತ್ರ ನೀಲಿ. ಆ ಹುಡುಗಿ ಎರಡು ವಾರದಿಂದ ಏನು ಒದ್ದಾಡುತ್ತಿದ್ದಾಳೆ ಸರ್ ಎಂದು ಕೇಳಿದರು.

ಬಿಎಂಪಿಯೂ ಸಾಮಾನ್ಯವಾಗಿ ಕೆಳಗಿನ ಸಾಲಿನಿಂದ ಶುರು, ಅದರ ಸಾಲುಗಳಿಗೂ ನಾಲ್ಕರ ಗುಣಕಕ್ಕೆ ಬೈಟು ತುಂಬಿರುತ್ತದೆ. ಎರಡು ರೂಢಿಗಳು ತಾವಾಗಿ ಹೊಂದಿಕೊಂಡವು; ಬಣ್ಣದ ಕ್ರಮವೊಂದು ಹೊಂದಲಿಲ್ಲ, ಅದು ನೀಲಿ ಮೊದಲಿಡುತ್ತದೆ. ಬಿಜಿಆರ್ ಎಂದು ಬದಲಿಸಿದರು, ಮುಖ ಸರಿಹೋಯಿತು. ಅವರಿಗೆ ಅಂಕ ಸಿಗುತ್ತದೆ. ಅಲೈನ್‌ಮೆಂಟ್ ಎಂದರೇನು ಎಂದು ಮಾತ್ರ ಅವರಿಗೆ ಎಂದೂ ತಿಳಿಯಲಾರದು, ತಿಳಿಯುವ ಅಗತ್ಯವೇ ಬೀಳಲಿಲ್ಲವಲ್ಲ.

29 ಮಾರ್ಚ್, ಶುಕ್ರವಾರ

ಲ್ಯಾಬಿನ ಪರದೆಗಳ ಎತ್ತರ 768. ಅದಕ್ಕೆ ಜೂಮ್ ಅರ್ಧಕ್ಕೆ ಇಳಿಸಿದ್ದಾಳೆ. ಚಿತ್ರ ಅಂದವಾಗಿ ಕಿಟಕಿಯೊಳಗೆ ಕೂರುತ್ತದೆ. ಭದ್ರಾ ಜಲಾಶಯ ಒಂದೇ ಬೂದುಬಣ್ಣದ ಸಮತಟ್ಟಾಗಿ, ಅಂಚು ಹರಿದ ಎಲೆಯಾಕಾರದಲ್ಲಿ, ನಡುವೆ ದ್ವೀಪಗಳೊಂದಿಗೆ ಕಾಣುತ್ತದೆ. ನೀರಿನ ಮೇಲ್ಮೈಯನ್ನು ದತ್ತಾಂಶ ತಿದ್ದಿದವರೇ ಸಮ ಮಾಡಿಟ್ಟಿದ್ದಾರೆ. ಬಾಬಾಬುಡನ್‌ಗಿರಿಯ ಕುದುರೆಲಾಳ ಎಷ್ಟು ಸ್ಪಷ್ಟ! ಬಸ್ಸಿನಲ್ಲಿ ಎಷ್ಟೋ ಸಲ ಅದರ ಬುಡದಲ್ಲಿ ಹಾದುಹೋಗಿದ್ದರೂ ಅದು ಲಾಳ ಎಂದು ಕಂಡಿರಲಿಲ್ಲ.

ಮುಳ್ಳಯ್ಯನಗಿರಿಯ ತುದಿ ಯಾವ ಚುಕ್ಕೆ ಎಂದು ಹುಡುಕಿದೆವು. ಉತ್ತರದಿಂದ ಸುಮಾರು 731ನೇ ಸಾಲು, ಪಶ್ಚಿಮದಿಂದ 865ನೇ ಕಂಬ. ಅದು ಪರದೆಯ ಮೇಲೆ ಇದೆಯೇ? ಜೂಮ್ ಅರ್ಧ ಎಂದರೆ ಡ್ರಾಪಿಕ್ಸೆಲ್ಸ್ ಸರಾಸರಿ ಮಾಡುವುದಿಲ್ಲ. ಒಂದು ಬಿಟ್ಟು ಒಂದು ಚುಕ್ಕೆಯನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತದೆ. ಅಡ್ಡಕ್ಕೆ ಅರ್ಧ, ಉದ್ದಕ್ಕೆ ಅರ್ಧ, ಒಟ್ಟು ನಾಲ್ಕರಲ್ಲಿ ಮೂರು ಪಾಲು ಕಸಕ್ಕೆ. ರಾಜ್ಯದ ಅತಿ ಎತ್ತರದ ಜಾಗ ಪರದೆಯ ಮೇಲೆ ಉಳಿಯುವುದು ಸಾಲಿನ ಮತ್ತು ಕಂಬದ ಸಂಖ್ಯೆ ಸಮವೋ ಬೆಸವೋ ಎಂಬುದರ ಮೇಲೆ ನಿಂತಿದೆ. ನಾಲ್ಕು ಚುಕ್ಕೆಗಳ ಸರಾಸರಿ ತೆಗೆದು ಇಳಿಸೋಣ ಅಂದಳು. ಆಗ ತುದಿ ಇರುತ್ತದೆ, ಆದರೆ ತಗ್ಗಿರುತ್ತದೆ. ಎರಡೂ ನಷ್ಟವೇ, ಯಾವುದು ಬೇಕೋ ಆರಿಸಿಕೊಳ್ಳಬೇಕು.

1201 ಯಾಕೆ, 1200 ಯಾಕಲ್ಲ ಎಂಬ ಅವಳ ಪ್ರಶ್ನೆಯೂ ಇಲ್ಲಿಗೇ ಸೇರುತ್ತದೆ. ಒಂದು ಡಿಗ್ರಿಗೆ 3600 ಸೆಕೆಂಡು. ಮೂರು ಸೆಕೆಂಡಿಗೊಂದರಂತೆ 1200 ಅಂತರ. ಎರಡೂ ತುದಿಯ ಗೆರೆ ಸೇರಿ 1201 ಬಿಂದು. ಪಕ್ಕದ ಫೈಲಿನ ಕೊನೆಯ ಕಂಬವೂ ಇದರ ಮೊದಲ ಕಂಬವೂ ಒಂದೇ. ಅಂದರೆ ಇವು ಪುಟ್ಟ ಪುಟ್ಟ ಚೌಕಗಳಲ್ಲ, ನೆಲದಲ್ಲಿ ಅಲ್ಲಲ್ಲಿ ಅಳೆದ ಬಿಂದುಗಳು. ಪಿಕ್ಸಾರ್ ಕಟ್ಟಿದವರಲ್ಲೊಬ್ಬರಾದ ಆಲ್ವಿ ರೇ ಸ್ಮಿತ್ 1995ರಲ್ಲಿ ಬರೆದ ಟಿಪ್ಪಣಿಯೊಂದರಲ್ಲಿ ಪಿಕ್ಸೆಲ್ ಎಂದರೆ ಚಿಕ್ಕ ಚೌಕವಲ್ಲ ಎಂದು ಸಿಟ್ಟಿನಿಂದಲೇ ವಾದಿಸಿದ್ದಾರೆ. ಓದಿದಾಗ ಅತಿ ಸೂಕ್ಷ್ಮ ಅನ್ನಿಸಿತ್ತು. ಇವತ್ತು ಆ ಸಿಟ್ಟು ನ್ಯಾಯ ಅನ್ನಿಸಿತು. ಮೇಲಾಗಿ ಇವು ಚೌಕವಾಗಿಯೂ ಇಲ್ಲ: ನಮ್ಮ ಅಕ್ಷಾಂಶದಲ್ಲಿ ಮೂರು ಸೆಕೆಂಡು ಉತ್ತರ ದಕ್ಷಿಣಕ್ಕೆ ಸುಮಾರು 92 ಮೀಟರ್, ಪೂರ್ವ ಪಶ್ಚಿಮಕ್ಕೆ 90. ಅಡ್ಡದ ಜೂಮನ್ನು ಅಷ್ಟು ಪ್ರಮಾಣದಲ್ಲಿ ಕಡಿಮೆ ಮಾಡಿದಳು. ಯಾರ ಕಣ್ಣಿಗೂ ಬೀಳದ ತಿದ್ದುಪಡಿ. ಬಾಯಿಬಿಟ್ಟು ಹೊಗಳಲಿಲ್ಲ, ರೆಕಾರ್ಡಿನಲ್ಲಿ ಗೆರೆ ಎಳೆದೆ.

7 ಏಪ್ರಿಲ್, ಭಾನುವಾರ

ಯುಗಾದಿಯ ಮರುದಿನದ ಬಿಡುವು. ಸಹೋದ್ಯೋಗಿಯ ನಗು ಇನ್ನೂ ತಲೆಯಲ್ಲಿದೆ, ಅದಕ್ಕೊಂದು ಉತ್ತರ ಬರೆದಿಡಬೇಕು.

ಅವರು ಹೇಳುವುದು ಸರಿ. ಡ್ರಾಪಿಕ್ಸೆಲ್ಸ್ 2008ರ 3.0ರಲ್ಲಿ ತ್ಯಾಜ್ಯಪಟ್ಟಿಗೆ ಸೇರಿತು, 2009ರ 3.1ರಲ್ಲಿ ಹೊರಬಿತ್ತು. ನಮ್ಮ ಲ್ಯಾಬಿನಲ್ಲಿ ಓಡುತ್ತಿರುವುದು ಡ್ರೈವರುಗಳು ಹಳತನ್ನೂ ಸಾಕಿಕೊಂಡು ಬಂದಿರುವುದರಿಂದ. ತೆಗೆದದ್ದಕ್ಕೆ ಕಾರಣವೂ ಗಟ್ಟಿ. ಕಿಟಕಿ ಪ್ರತಿ ಸಲ ಹೊಸದಾಗಿ ಬರೆದಾಗಲೂ 28 ಲಕ್ಷ ಬೈಟು ಮುಖ್ಯ ಮೆಮೊರಿಯಿಂದ ಹೊರಟು, ಒಂದೊಂದೂ ಪರಿವರ್ತನೆಯಾಗಿ, ಗುಣಿತವಾಗಿ ಹೋಗಬೇಕು. ಅದನ್ನೇ ಟೆಕ್ಸ್ಚರ್ ಮಾಡಿದರೆ ಒಂದು ಸಲ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಗೆ ಹೋಗಿ ಕೂರುತ್ತದೆ. ಆಮೇಲೆ ಎರಡು ತ್ರಿಕೋನದ ಮೇಲೆ ಹೊದಿಸಿ ತಿರುಗಿಸು, ಸರಿಸು, ಹಿಗ್ಗಿಸು. ಮೂಲೆ ಹೊರಗೆ ಹೋದರೂ ಉಳಿದದ್ದು ಕಾಣುತ್ತದೆ. ಕುಗ್ಗಿಸುವಾಗ ಸರಾಸರಿಯನ್ನೂ ಅದೇ ಮಾಡಿಕೊಡುತ್ತದೆ. ಇನ್ನೊಂದು ಕಿರಿಕಿರಿಯೂ ತಪ್ಪುತ್ತದೆ: ಡ್ರಾಪಿಕ್ಸೆಲ್ಸ್‌ನ ಚುಕ್ಕೆಗಳು ತ್ರಿಕೋನಗಳ ಚುಕ್ಕೆಗಳ ಹಾದಿಯಲ್ಲೇ ಸಾಗುವುದರಿಂದ, ಬೇರೆಲ್ಲೋ ಟೆಕ್ಸ್ಚರ್ ಆನ್ ಮಾಡಿ ಮರೆತಿದ್ದರೆ ಅದರ ಒಂದು ಬಣ್ಣ ಇಡೀ ಚಿತ್ರಕ್ಕೆ ಬಳಿದುಕೊಳ್ಳುತ್ತಿತ್ತು. ಎಷ್ಟು ಬ್ಯಾಚುಗಳ ಎಷ್ಟು ಚಿತ್ರಗಳು ಹೀಗೆ ಮಂಕಾಗಿ ನನ್ನ ಮುಂದೆ ಬಂದಿವೆಯೋ.

ಆದರೆ ಟೆಕ್ಸ್ಚರಿಗೆ ಬೈಟುಗಳನ್ನು ಕೊಡುವ ಬಾಗಿಲು ಹಳೆಯದೇ. ಟೆಕ್ಸ್‌ಇಮೇಜ್‌ಗೂ ಅಗಲ ಹೇಳಬೇಕು, ಮಾದರಿ ಹೇಳಬೇಕು, ಜಾತಿ ಹೇಳಬೇಕು. ಅನ್‌ಪ್ಯಾಕ್ ಅಲೈನ್‌ಮೆಂಟ್ ಇವತ್ತಿಗೂ ನಾಲ್ಕರಿಂದಲೇ ಶುರು. ಮೊಬೈಲಿನ ಓಪನ್‌ಜಿಎಲ್ ಇಎಸ್‌ನಲ್ಲೂ ಹಾಗೇ, ಬ್ರೌಸರಿನ ವೆಬ್‌ಜಿಎಲ್‌ನಲ್ಲೂ ಹಾಗೇ. 1201ರ ಸಾಲು ಅಲ್ಲೂ ಕಾಟ ಕೊಡುತ್ತದೆ. ಆದರೆ ಅಲ್ಲಿಗೆ ತಲುಪುವ ಮುನ್ನ ಹುಡುಗರು ಶೇಡರು ಬರೆದು, ಬಫರು ಕಟ್ಟಿ, ಕಪ್ಪು ಪರದೆ ಕಂಡರೆ ತಪ್ಪು ಹತ್ತು ಜಾಗಗಳಲ್ಲಿ ಎಲ್ಲಿದೆಯೋ ತಿಳಿಯದೆ ಕೂರಬೇಕು. ಡ್ರಾಪಿಕ್ಸೆಲ್ಸ್‌ನಲ್ಲಿ ಬೈಟಿಗೂ ಪರದೆಗೂ ನಡುವೆ ಅಡಗಿಕೊಳ್ಳಲು ಜಾಗ ಕಡಿಮೆ. ಉದ್ಯಮದಿಂದ ಅದನ್ನು ತೆಗೆದದ್ದು ಒಳ್ಳೆಯದಾಯಿತು. ಲ್ಯಾಬಿನಿಂದ ನಾನು ತೆಗೆಯುವುದಿಲ್ಲ, ಡ್ರೈವರುಗಳು ಸಾಕುವಷ್ಟು ಕಾಲ. ಮುಂದಿನ ಸೆಮಿಸ್ಟರಿಗೆ ಶೇಡರಿನ ನಾಲ್ಕು ತರಗತಿ ತೆಗೆದುಕೊಳ್ಳಿ ಎಂದು ಆ ಸಹೋದ್ಯೋಗಿಗೇ ಹೇಳಬೇಕು.

16 ಏಪ್ರಿಲ್, ಮಂಗಳವಾರ

ಜಾಲರಿ ಬಂತು, ಗುಡ್ಡ ಎದ್ದಿತು, ಎಲ್ಲರೂ ಚಪ್ಪಾಳೆ ಹೊಡೆದರು. ನನ್ನ ಆಸಕ್ತಿ ಈಗಲೂ ಚಪ್ಪಟೆ ಚಿತ್ರದಲ್ಲೇ.

ಕಡಿದಾದ ಕಣಿವೆಗಳಲ್ಲಿ ಕೆಲವು ಕಪ್ಪು ಕಲೆಗಳಿವೆ. ರೇಡಾರಿನ ನೆರಳು ಬಿದ್ದು ಅಳತೆ ಸಿಗದ ಜಾಗಗಳು. ಅಲ್ಲೆಲ್ಲ ಮೈನಸ್ 32768 ಎಂದು ತುಂಬಿದ್ದಾರೆ. ಲೈಬ್ರರಿ ಅದನ್ನು ಸೊನ್ನೆಗೆ ಕತ್ತರಿಸಿ ಕಪ್ಪು ಬಳಿಯುತ್ತದೆ. ಜಾಲರಿಯಲ್ಲಂತೂ ಅವು ಪಾತಾಳಕ್ಕೆ ಇಳಿದ ಮೊಳೆಗಳಾಗಿ ಕಂಡವು. ಸುತ್ತಲಿನ ಎತ್ತರಗಳಿಂದ ತುಂಬಿಬಿಡು ಎಂದು ಬೇರೆ ಹುಡುಗರ ಸಲಹೆ. ಅವಳು ಒಪ್ಪಲಿಲ್ಲ. ಅಳೆಯದ್ದನ್ನು ಅಳೆದಂತೆ ತೋರಿಸುವುದು ಬೇಡ ಸರ್, ಕೆಂಪು ಹಾಕುತ್ತೇನೆ ಅಂದಳು. ಲೂಮಿನನ್ಸ್‌ನಲ್ಲಿ ಕೆಂಪು ಎಲ್ಲಿಂದ ಬರಬೇಕು? ಪ್ರತಿ ಎತ್ತರಕ್ಕೂ ಮೂರು ಬೈಟಿನ ಬಣ್ಣ ಮಾಡಿ ಬೇರೆ ಅರೇ ಕಟ್ಟಿದಳು. ಸಾಲಿಗೆ 3603 ಬೈಟು, ಮತ್ತೆ ನಾಲ್ಕರಿಂದ ಭಾಗವಾಗದ್ದು. ಅಲೈನ್‌ಮೆಂಟಿನ ಸಾಲನ್ನು ಒಮ್ಮೆ ತೆಗೆದು ನೋಡು ಎಂದೆ. ಈ ಸಲ ಸಾಲಿಗೊಂದೇ ಬೈಟು ಜಾರುವುದರಿಂದ ಬಣ್ಣಗಳೇ ಜಾಗ ಬದಲಿಸುತ್ತವೆ. ಕೆಂಪು ಕಲೆಯ ಸುತ್ತ ಹಸಿರು, ನೀಲಿ ಗೆರೆಗಳು ಮೂರು ಮೂರು ಸಾಲಿಗೆ ಮರುಕಳಿಸಿ ಕುಣಿದವು. ನೋಡಿದಳು, ನಕ್ಕಳು, ಸಾಲನ್ನು ವಾಪಸು ಹಾಕಿದಳು.

25 ಏಪ್ರಿಲ್, ಗುರುವಾರ

ಚುನಾವಣೆಯ ಗಲಾಟೆ ಮುಗಿದು ತರಗತಿಗಳು ಮತ್ತೆ ತುಂಬಿವೆ. ಊರಿಗೆ ವೋಟು ಹಾಕಲು ಹೋದವಳು ಪಡುವಣದ ಫೈಲನ್ನೂ ತಂದಿದ್ದಾಳೆ: ಎನ್13ಇ074. ಉಡುಪಿ, ಕುಂದಾಪುರ, ಕಾರ್ಕಳ, ಉಳಿದದ್ದು ಕಡಲು. ಎರಡನ್ನೂ ಅಕ್ಕಪಕ್ಕ ಜೋಡಿಸಬೇಕು. 75 ಡಿಗ್ರಿಯ ಕಂಬ ಎರಡರಲ್ಲೂ ಇರುವುದರಿಂದ ಎರಡನೆಯದರಲ್ಲಿ ಅದನ್ನು ಬಿಡಬೇಕು. ಅದಕ್ಕೆ ಅರೇ ಮುಟ್ಟಬೇಕಿಲ್ಲ. ಸಾಲಿನ ನಿಜವಾದ ಉದ್ದ 1201, ಮೊದಲ ಒಂದನ್ನು ಹಾರಿಸು, 1200 ಮಾತ್ರ ಬರೆ ಎಂದು ರೋ ಲೆಂತ್ ಮತ್ತು ಸ್ಕಿಪ್ ಪಿಕ್ಸೆಲ್ಸ್‌ಗೆ ಹೇಳಿದರೆ ಸಾಕು. ಜೋಡಣೆ ಎಲ್ಲಿದೆಯೆಂದು ಕಣ್ಣಿಗೆ ಹಿಡಿಯದಂತೆ ಕೂತಿತು. ಆಗುಂಬೆಯ ಇಳಿಜಾರು ಕರಾವಳಿಯ ಮೇಲೆ ಮೊದಲ ಬಾರಿಗೆ ಪೂರ್ತಿ ಕಂಡಿತು.

ಈಗ ಜಗಳ ಕಡಲಿನದು. ಕಡಲಿನ ಎತ್ತರ ಸೊನ್ನೆ, ಹಾಗಾಗಿ ಸೊನ್ನೆ ಇದ್ದಲ್ಲೆಲ್ಲ ನೀಲಿ ಎಂದು ಬರೆದಿದ್ದಾಳೆ. ಸೊನ್ನೆ ಎತ್ತರದ ಗದ್ದೆ ಇದ್ದರೆ? ಫೈಲು ಹೇಳುವುದು ಎತ್ತರ ಮಾತ್ರ, ನೀರೋ ನೆಲವೋ ಅದರಲ್ಲಿಲ್ಲ. ಕಡಲಿಗೆ ತಾಗಿದ ಸೊನ್ನೆಗಳನ್ನು ಮಾತ್ರ ನೀಲಿ ಮಾಡೋಣ ಎಂದು ಅವಳು. ಅದಕ್ಕೆ ಪಶ್ಚಿಮದ ಅಂಚಿನಿಂದ ಫ್ಲಡ್ ಫಿಲ್ ಬೇಕು, ಹಿನ್ನೀರು ಆಗಲೂ ಕೈಕೊಡಬಹುದು ಎಂದು ನಾನು. ಕಡೆಗೆ ಫ್ಲಡ್ ಫಿಲ್ ಎಂದು ತೀರ್ಮಾನ. ರಿಕರ್ಷನ್ ಬೇಡ, ಇಷ್ಟು ದೊಡ್ಡ ಕಡಲಿಗೆ ಸ್ಟ್ಯಾಕು ತುಂಬುತ್ತದೆ, ಕ್ಯೂ ಬಳಸು ಎಂದು ಹೇಳಿ ಕಳಿಸಿದೆ. ಮಂಗಳವಾರ ರೆಕಾರ್ಡಿಗೆ ಸಹಿ.